ಕಿವಿಯಣ್ಣನ ಕಿವಿ

ಆ ಸಭಾಂಗಣದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಿವಿಯಣ್ಣ ಎಂದು. ಮೂವತ್ತು ವರ್ಷ ಅಲ್ಲಿ ಸೌಂಡ್ ನೋಡಿಕೊಂಡವನು. ಮೈಕಿನ ತಂತಿ ಕೊಂಚ ಸಡಿಲವಾಗಿದ್ದರೂ ಹಿಂದಿನ ಸಾಲಿನಲ್ಲಿ ಕೂತೇ ಹೇಳಿಬಿಡುತ್ತಿದ್ದ. ಹೊಗಳಿಕೆ ತಲೆಗೇರದ ಮನುಷ್ಯನೇನಲ್ಲ. ಏರಿತ್ತು, ಚೆನ್ನಾಗಿಯೇ ಏರಿತ್ತು.

ಎರಡು ವರ್ಷದ ಹಿಂದೆ ಹೊಸ ಡಿಜಿಟಲ್ ಸೌಂಡ್ ಮಿಕ್ಸರ್ ಬಂತು, ಜೊತೆಗೊಂದು ಟ್ಯಾಬ್. ಇನ್ನು ಮಿಕ್ಸರಿನ ಮುಂದೆ ಗೂಟ ಹೊಡೆದುಕೊಂಡು ಕೂರಬೇಕಿಲ್ಲ; ಟ್ಯಾಬ್ ಹಿಡಿದು ಯಾವ ಸಾಲಿಗಾದರೂ ಹೋಗಿ ವೈಫೈಯಲ್ಲೇ ದನಿ ಏರಿಸಬಹುದು, ಇಳಿಸಬಹುದು. ಈ ಹಳೇ ಮನುಷ್ಯ ಮೂಗು ಮುರಿಯುತ್ತಾನೆ ಎಂದು ಮ್ಯಾನೇಜರ್ ಅಂದುಕೊಂಡಿದ್ದರು. ಅವನೋ, ಟ್ಯಾಬನ್ನು ಎದೆಗವಚಿಕೊಂಡ.

ಕಾರಣ ಹೆಂಡತಿಗೊಬ್ಬಳಿಗೇ ಗೊತ್ತಿತ್ತು. ಹಿಂದೊಮ್ಮೆ ಜ್ವರ ಬಂದಾಗ ಥರ್ಮಾಮೀಟರ್ ಅವನ ಕಂಕುಳಲ್ಲೇ ಬೀಪ್ ಬೀಪ್ ಅನ್ನುತ್ತಿದ್ದರೂ, "ಇನ್ನೂ ಆಗಿಲ್ವಲ್ಲೇ ಇದು?" ಅಂದಿದ್ದ. ಚೂಪು ಸದ್ದುಗಳೆಲ್ಲ ಅವನ ಪಾಲಿಗೆ ಸತ್ತುಹೋಗಿದ್ದವು.

"ಡಾಕ್ಟ್ರಿಗೆ ತೋರಿಸ್ರೀ, ನಿಮ್ಮ ದಮ್ಮಯ್ಯ," ಎಂದಳು ಅವಳು.

"ತೋರಿಸಿದ್ರೆ ನಾಳೆನೇ ಊರಿಗೆಲ್ಲ ಗೊತ್ತಾಗುತ್ತೆ. ಕಿವಿ ಹೋದೋನ್ನ ಈ ಕೆಲಸಕ್ಕೆ ಯಾರು ಇಟ್ಕೋತಾರೆ ಹೇಳು? ಬಾಯ್ಮುಚ್ಕೊಂಡಿರು."

ಟ್ಯಾಬಿನ ಪರದೆಯಲ್ಲಿ ಸದ್ದು ಕಂಬ ಕಂಬವಾಗಿ ಕಾಣುತ್ತದೆ. ಮೈಕ್ ಕೀಂ ಎಂದು ಕಿರುಚಲು ಹೊರಟರೆ ಬಲಗಡೆಯ ಒಂದು ಕಂಬ ಚಂಗನೆ ಮೇಲೇಳುತ್ತದೆ, ಬೆರಳಿಟ್ಟು ಅದುಮಿದರಾಯಿತು. ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿ ಎರಡು ವರ್ಷ ಹೆಸರು ಉಳಿಸಿಕೊಂಡ.

ಆ ಮಧ್ಯಾಹ್ನ ಹಿರಿಯ ಗಾಯಕರೊಬ್ಬರ ಸಂತಾಪ ಸಭೆ. ಅದೇ ವೇದಿಕೆಯಲ್ಲಿ ಅವರು ಎಷ್ಟೋ ವರ್ಷ ಹಾಡಿದ್ದರು, ಇವನು ಸೌಂಡ್ ಕೊಟ್ಟಿದ್ದ. ಬೆಳಿಗ್ಗೆ ಖಾಲಿ ಹಾಲಿನಲ್ಲಿ ಟ್ಯಾಬ್ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದುಕೊಂಡ. ಎಡವಿದ್ದು ಅಲ್ಲೇ. ಐನೂರು ಜನ, ಐನೂರು ಮೊಬೈಲು ತುಂಬಿದ ಮೇಲೆ ವೈಫೈ ಬೆಳಗಿನ ಹಾಗೆ ಇರುವುದಿಲ್ಲ.

ಗಾಯಕರ ಹೆಂಡತಿ ಮೈಕಿನ ಮುಂದೆ ಬಂದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಇವನು ನಡುಸಾಲಿನಲ್ಲಿ ನಿಂತು ಅವರ ಮೈಕನ್ನು ಏರಿಸಿದ, ಇನ್ನಷ್ಟು ಏರಿಸಿದ. ಅಷ್ಟರಲ್ಲಿ ವೈಫೈ ಕಡಿದುಹೋಯಿತು. ಪರದೆಯ ಕಂಬಗಳು ಇದ್ದಲ್ಲೇ ನಿಂತುಬಿಟ್ಟವು. ಯಾವುದೂ ಮೇಲೇಳುತ್ತಿಲ್ಲವೆಂದು ಇವನು ನೆಮ್ಮದಿಯಾಗಿದ್ದ. ಜನ ಮುಖದತ್ತ ಕೈ ಒಯ್ದಾಗ, ಪಾಪ, ಅಳುತ್ತಿದ್ದಾರೆ ಅಂದುಕೊಂಡ. ಆ ತಾಯಿ ಕಿವಿ ಮುಚ್ಚಿಕೊಂಡು ಹಿಂದೆ ಸರಿದದ್ದು ಕಂಡಾಗಲೇ ಮೈಕ್ ಕಿರುಚುತ್ತಿರುವುದು ಅವನಿಗೆ ಗೊತ್ತಾದದ್ದು. ವೇದಿಕೆಯ ಲೈಟು ನೋಡಿಕೊಳ್ಳುತ್ತಿದ್ದ ಹೆಂಗಸು ಓಡಿಹೋಗಿ ಮಿಕ್ಸರಿನಲ್ಲೇ ಮೈಕ್ ಇಳಿಸಿದಳು. ಅಷ್ಟರಲ್ಲಿ ಗಾಯಕರ ಹೆಂಡತಿ ಆಡಬೇಕಾದ ಮಾತು ಆಡದೆಯೇ ವೇದಿಕೆ ಇಳಿದಿದ್ದರು.

"ಹಾಳಾದ್ ಟ್ಯಾಬ್ ಕೈಕೊಡ್ತು. ನೀನೇನ್ ಮಾಡ್ತೀಯ ಬಿಡು," ಎಂದರು ಮ್ಯಾನೇಜರ್. ನುಣುಚಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕೆ? ಆದರೂ ಆಕೆಗೆ ಮುಖ ತೋರಿಸದೆ ಮನೆಗೆ ಹೋಗಲು ಮನಸ್ಸೊಪ್ಪಲಿಲ್ಲ. ಆಕೆ ಮೇಕಪ್ ಕೋಣೆಯಲ್ಲಿ ಒಬ್ಬರೇ ಕೂತಿದ್ದರು.

"ತಪ್ಪಾಯ್ತಮ್ಮ. ಟ್ಯಾಬಿನ ಮೇಲೆ ತಪ್ಪು ಹಾಕಲ್ಲ. ಅದು ಕಿರುಚಿದ್ದು ನಂಗೆ ಕೇಳಿಸ್ಲೇ ಇಲ್ಲ. ಚೂಪು ಸದ್ದು ಕೇಳಿಸದೆ ಐದು ವರ್ಷ ಆಯ್ತು. ಎರಡು ವರ್ಷದಿಂದ ಈ ಟ್ಯಾಬ್ ನೋಡ್ಕೊಂಡು ಕಣ್ಣಲ್ಲೇ ನಿಭಾಯಿಸ್ತಿದ್ದೆ."

ಆಕೆ ತಲೆಯೆತ್ತಿದರು. "ಐದು ವರ್ಷಾನಾ? ಈ ಟ್ಯಾಬ್ ಬರೋಕೆ ಮುಂಚೆ ಹೇಗಪ್ಪ ಮಾಡ್ತಿದ್ದೆ?"

"ಅಂದಾಜಲ್ಲೇ. ದನಿ ಮಂಕಾಗಿದೆ ಅನ್ಸೋದು, ಅದಕ್ಕೆ ಟ್ರೆಬಲ್ ಏರಿಸಿ ಇನ್ನಷ್ಟು ಚೂಪು ಮಾಡ್ತಿದ್ದೆ."

"ನಮ್ಮನೆಯವರ ದನಿ ಕಿವಿಗೆ ಚುಚ್ಚುತ್ತೆ ಅಂತ ಜನ ಅನ್ನೋಕೆ ಶುರು ಮಾಡಿದ್ದು ಆಗ್ಲೇ. ತಮ್ಮ ಗಂಟಲೇ ಕೆಟ್ಟೋಯ್ತು ಅಂತ ಹಾಡೋದೇ ಬಿಟ್ರು. ಸಾಯೋವರೆಗೂ ಮನೇಲೂ ಒಂದು ಸಲ ಗುನುಗ್ಲಿಲ್ಲ. ಬಿಡೋಕೆ ಮುಂಚೆ ನಿನ್ನನ್ನ ಕೇಳಿದ್ರಲ್ಲ?"

"ಕೇಳಿದ್ರಮ್ಮ."

"ಏನಂದೆ?"

"ಸೌಂಡಲ್ಲಿ ಏನೂ ತೊಂದ್ರೆ ಇಲ್ಲ ಸಾರ್, ನಿಮ್ಮ ಗಂಟಲೇ ಇರ್ಬೇಕು ಅಂದೆ."

ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಎದ್ದು ಬ್ಯಾಗ್ ತೆಗೆದುಕೊಂಡು ಹೊರಟುಹೋದರು.