ಅತ್ತೆಯ ಕಣ್ಣು, ನನ್ನ ಹೆಸರು

ನನ್ನ ಅತ್ತೆಯನ್ನು ನಾನು ಒಮ್ಮೆ ಮನೆಗೆಲಸದವಳು ಎಂದು ಹೇಳಿದೆ. ಅವರು ನನ್ನ ಕುರ್ಚಿಗೆ ತಾಗಿಕೊಂಡೇ ಕುಳಿತಿದ್ದರು. ಹೇಳಿದ್ದು ಇಂಗ್ಲಿಷಿನಲ್ಲಿ, ಅವರಿಗೆ ತಿಳಿಯದಿರಲಿ ಎಂದೇ — ಆದರೆ ತಿಳಿಯಿತು. ಅದಾದ ಮೇಲೆ ಮೂರು ವರ್ಷ ಅವರ ಕಣ್ಣು ಗಳಿಸಿದ ಹೆಸರನ್ನೆಲ್ಲ ನನ್ನದೆಂದು ಇಟ್ಟುಕೊಂಡೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ತಡಮಾಡಿದರೆ ಕಾರಣಗಳು ಬಂದು ಮುಂದೆ ನಿಲ್ಲುತ್ತವೆ.

ನಾನು ಹೊಸಪೇಟೆಯವಳು, ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ ದುಂಡು ಅಕ್ಷರ, ಮೆಲುದನಿ, ತಪ್ಪಿಲ್ಲದ ಇಂಗ್ಲಿಷು — ಮದುವೆಯಾದ ಮೇಲೆ ಇವು ಮಕ್ಕಳ ಹೋಮ್‌ವರ್ಕಿಗೆ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರಲಿಲ್ಲ. ನನ್ನವರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲಿರುತ್ತಾರೆ. ಕಂಪನಿ ಬಸ್ಸು ಅವರನ್ನು ಕರೆದೊಯ್ದ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ, ಮನೆಯಲ್ಲಿ ಉಳಿಯುತ್ತಿದ್ದುದು ನಾನು ಮತ್ತು ಅತ್ತೆ ಹಂಪಮ್ಮ. ಅವರು ಕಂಪ್ಲಿ ತಾಲ್ಲೂಕಿನ ಮೆಟ್ರಿಯವರು. ಕಾಲುವೆ ನೀರಿನ ಗದ್ದೆಗಳಲ್ಲಿ ಮೂವತ್ತು ವರ್ಷ ಕಳೆ ತೆಗೆದ ಕೈ. ಮೊಣಕೈವರೆಗೆ ಹಸಿರು ಹಚ್ಚೆ, ಬಾಯಲ್ಲಿ ಸದಾ ಎಲೆಯಡಿಕೆ.

ಆಗ ನನಗೊಂದು ಕೆಲಸ ಸಿಕ್ಕಿತು — ಮನೆಯಲ್ಲೇ ಕುಳಿತು, ಇಂಟರ್ನೆಟ್ಟಿನಲ್ಲಿ ಮಾಡುವಂಥದ್ದು. ಕಂಪನಿಯವರು ನೆಲ್ಲಿನ, ಅಂದರೆ ಭತ್ತದ, ಗದ್ದೆಯ ಫೋಟೋಗಳನ್ನು ಕಳಿಸುತ್ತಿದ್ದರು. ನಾನು ಪರದೆಯ ಮೇಲೆ ಪ್ರತಿ ಕಳೆಯ ಸುತ್ತ ಚುಕ್ಕಿಗಳನ್ನಿಟ್ಟು, ಗೆರೆ ಕೂಡಿಸಿ, ‘ಕಳೆ’ ಎಂದು ಗುರುತು ಹಾಕಬೇಕು. ಪೈರಿಗೆ ಬೇರೆ ಗುರುತು. ಹೀಗೆ ಸಾವಿರಾರು ಫೋಟೋ ನೋಡಿ ನೋಡಿ ಕಂಪ್ಯೂಟರು ಪೈರು ಯಾವುದು ಕಳೆ ಯಾವುದೆಂದು ಕಲಿಯುತ್ತದಂತೆ. ಕಲಿಸಬೇಕಾದವಳು ನಾನು — ನೆಲ್ಲಿನ ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವಳು!

ಬೆಳಿಗ್ಗೆ ಒಂಬತ್ತೂವರೆಗೆ ಲಾಗಿನ್. ನನ್ನ ಹೆಸರಿನ ಪಕ್ಕ ಹಸಿರು ಚುಕ್ಕಿ ಬೆಳಗಿತೆಂದರೆ ಡ್ಯೂಟಿ ಶುರು. ಮೌಸ್ ಸ್ವಲ್ಪ ಹೊತ್ತು ಅಲುಗದಿದ್ದರೆ ಚುಕ್ಕಿ ಹಳದಿಯಾಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಓಡಿ ಬಂದು ಮೌಸ್ ಅಲುಗಿಸಿ ಹೋಗುತ್ತಿದ್ದೆ. ಕರೆಂಟು ಹೋದರೆ ಫೋನಿನ ಹಾಟ್‌ಸ್ಪಾಟು. ಹನ್ನೊಂದಕ್ಕೆ ವಿಡಿಯೋ ಮೀಟಿಂಗು. ಯಾರು ಎಷ್ಟು ಫೋಟೋ ಮುಗಿಸಿದರು, ಎಷ್ಟು ತಪ್ಪಾಯಿತು, ಎಲ್ಲವೂ ಎಲ್ಲರೂ ನೋಡಬಹುದಾದ ಒಂದು ಶೀಟಿನಲ್ಲಿ. ನನ್ನ ಹೆಸರು ಮೊದಲ ವಾರ ತೀರ ಕೆಳಗಿತ್ತು.

ಅಂದು ಅತ್ತೆ ಶೇಂಗಾ ಬಿಡಿಸುತ್ತ ಹಿಂದಿನಿಂದ ಇಣುಕಿದರು.

“ಅಯ್ಯ, ಅದ್ಯಾಕ ನೆಲ್ಲಿನ ಸುತ್ತ ಗೆರಿ ಹಾಕೀಯವ್ವ?”

“ಅದು ಕಳೆ ಅತ್ತೆ.”

“ಯಾರು ಹೇಳಿದ್ರು ನಿನಗ? ನೆಲ್ಲದು! ಕಸ ಇಲ್ಲೈತಿ ನೋಡು.” ಶೇಂಗಾ ಸಿಪ್ಪೆ ಅಂಟಿದ ಬೆರಳನ್ನು ಪರದೆಗೇ ಒತ್ತಿದರು. “ಎಲಿ ನಡುವ ಬಿಳಿ ಗೆರಿ ಕಾಣ್ತೈತಿಲ್ಲೋ? ನೆಲ್ಲಿನ ಎಲಿ ಬುಡದಾಗ ಸಣ್ಣ ಪೊರಿ ಇರ್ತೈತಿ, ನಾಲಿಗಿ ಇದ್ದಂಗ. ಇದಕ್ಕ ಏನೂ ಇಲ್ಲ, ಬೋಳು. ಇಷ್ಟು ಓದಿದಾಕಿಗೆ ನೆಲ್ಲು ಗೊತ್ತಾಗವಲ್ದು. ಅನ್ನ ಮಾತ್ರ ಗೊತ್ತಾಗತೈತಿ!”

ಇಬ್ಬರೂ ನಕ್ಕೆವು. ಮರುದಿನದಿಂದ ಅವರು ತಾವಾಗಿಯೇ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರತೊಡಗಿದರು. ಅವರು ಬೆರಳು ಇಟ್ಟಲ್ಲಿ ನಾನು ಮೌಸ್ ಒತ್ತುತ್ತಿದ್ದೆ. ಚುಕ್ಕಿ ಇಟ್ಟು ಕೂಡಿಸುವುದನ್ನು ಕಂಡು “ರಂಗೋಲಿನ ಬಿಡವ್ವ ಇದು” ಎಂದರು. ಎರಡು ವಾರದಲ್ಲಿ ಶೀಟಿನ ತುದಿಯಲ್ಲಿ ನನ್ನ ಹೆಸರು. ನನ್ನ ಹೆಸರು —

ಒಂದು ನಿಯಮವಿತ್ತು. ಕೆಲಸದ ಪರದೆಯನ್ನು ಖಾತೆಯ ಒಡತಿ ಬಿಟ್ಟು ಬೇರೆ ಯಾರೂ ನೋಡಬಾರದು. ಸಹಿ ಮಾಡಿಕೊಟ್ಟಿದ್ದೆ. ಹಾಗಾಗಿ ಮೀಟಿಂಗಿನ ಹೊತ್ತಿಗೆ ಅತ್ತೆ ಏಳುವುದು, ನಾನು ಹಿನ್ನೆಲೆಯನ್ನು ಮಸುಕು ಮಾಡಿಕೊಂಡು ಕೂರುವುದು ರೂಢಿಯಾಗಿತ್ತು. ಆ ದಿನ ಒಂದು ಫೋಟೋದಲ್ಲಿ ಮುಳುಗಿ ಗಡಿಯಾರ ನೋಡಲಿಲ್ಲ. ಮೀಟಿಂಗಿನ ಕರೆ ಬಂದಾಗ ಗಡಿಬಿಡಿಯಲ್ಲಿ ಒತ್ತಿಬಿಟ್ಟೆ — ಅತ್ತೆ ಏಳುವ ಮೊದಲೇ, ಹಿನ್ನೆಲೆ ಮಸುಕು ಮಾಡುವ ಮೊದಲೇ. ಹೆಡ್‌ಫೋನಿನ ಚಾರ್ಜು ಮುಗಿದಿತ್ತು, ದನಿ ಹೊರಗೇ ಬರುತ್ತಿತ್ತು. ನಮ್ಮ ತಂಡದ ಮೇಲ್ವಿಚಾರಕಿ ವಂದನಾ — ಮೈಸೂರಿನಲ್ಲಿ ಕೂತು ನಮ್ಮೆಲ್ಲರ ಕೆಲಸ ನೋಡುವ ಹುಡುಗಿ — ತೆರೆಯ ಮೇಲೆ ಬಂದವಳೇ, ನನ್ನ ಭುಜದ ಪಕ್ಕ ಯಾರದು ಎಂದು ಕೇಳಿದಳು.

“ಜಸ್ಟ್ ದ ಮೇಡ್,” ಎಂದೆ ನಾನು.

ಸಲೀಸಾಗಿ ಬಂತು ಆ ಮಾತು. ಒಂದು ಕ್ಷಣವೂ ತಡವರಿಸಲಿಲ್ಲ ನಾಲಿಗೆ.

ವಂದನಾ ಕನ್ನಡದಲ್ಲೇ ಹೇಳಿದಳು: “ಓ, ಮನೆಕೆಲಸದವ್ರಾ? ಸ್ವಲ್ಪ ಆಚೆ ಇರೋಕೆ ಹೇಳ್ಬಿಡಿ ಶೈಲಾ, ಸ್ಕ್ರೀನ್ ಕಾಣಬಾರದು ಅಲ್ವಾ.”

ಅತ್ತೆ ನನ್ನ ಮುಖ ನೋಡಿದರು. ಮಡಿಲಲ್ಲಿದ್ದ ಶೇಂಗಾ ಕಾಳನ್ನು ಸದ್ದಾಗದಂತೆ ಬಟ್ಟಲಿಗೆ ಹಾಕಿದರು, ಸ್ಟೂಲನ್ನು ಎತ್ತಿ ಗೋಡೆಗಿಟ್ಟರು, ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗೇಟಿನ ಸದ್ದಾಯಿತು. ಸೊಪ್ಪು ತರಲು ಹೋಗಿರಬೇಕು ಎಂದುಕೊಂಡೆ — ಎಂದುಕೊಳ್ಳುವುದು ಸುಲಭವಿತ್ತು. ಅವರು ವಾಪಸು ಬಂದಾಗ ಕೈಯಲ್ಲಿ ಸೊಪ್ಪಿರಲಿಲ್ಲ. ನಾನು ಕೇಳಲೂ ಇಲ್ಲ.

ನಿಯಮದ ಭಯಕ್ಕೆ ಹಾಗಂದೆ ಎಂದು ನನಗೇ ಎಷ್ಟೋ ಸಲ ಹೇಳಿಕೊಂಡೆ. ಸುಳ್ಳು. ಅತ್ತೆ ಎಂದಿದ್ದರೂ ವಂದನಾ ಅಷ್ಟೇ ಹೇಳುತ್ತಿದ್ದಳು — ಆಚೆ ಇರಲಿ ಎಂದು. ನನಗೆ ಬಂದದ್ದು ಭಯವಲ್ಲ, ನಾಚಿಕೆ. ಆ ಹಚ್ಚೆಯ ಕೈ, ಆ ಕೆಂಪು ಬಾಯಿ, ನನ್ನ ಇಂಗ್ಲಿಷಿನ ಪಕ್ಕ... ಮನೆಗೆಲಸ ಮಾಡುವವರು ಕೀಳಲ್ಲ. ಅವರನ್ನೂ ಕೀಳು ಮಾಡಿ, ಅತ್ತೆಯನ್ನೂ ಕೀಳು ಮಾಡಿ, ಎರಡು ತಪ್ಪನ್ನು ಒಂದೇ ಉಸಿರಿನಲ್ಲಿ ಮಾಡಿದೆ.

ಮರುದಿನ ಅವರು ಪಕ್ಕಕ್ಕೆ ಬರಲಾರರು ಎಂದುಕೊಂಡಿದ್ದೆ. ಬಂದರು. ಆದರೆ ಸ್ಟೂಲು ಎಳೆಯಲಿಲ್ಲ. ನನ್ನ ಹಿಂದೆ ನಿಂತು, ಬಗ್ಗಿ, ಬೆರಳು ತೋರಿಸಿದರು. ಹಾಸ್ಯವಿಲ್ಲ, ಬೈಗುಳವಿಲ್ಲ. ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ, “ಮೀಟಿಂಗ್ ಬಂತಲ್ಲ, ನಾ ಹೊರಗಿರ್ತೀನಿ,” ಎಂದು ತಾವೇ ಹೊರಟರು. ಹೀಗೆ ಪ್ರತಿದಿನ. ಮೂರು ವರ್ಷ. “ಅವ್ವ ಯಾಕ ಸುಮ್ಮಗಾಗ್ಯಾಳ?” ಎಂದು ನನ್ನವರು ಒಮ್ಮೆ ಕೇಳಿದ್ದಕ್ಕೆ, ಮಂಡಿ ನೋವಂತೆ ಎಂದೆ. ನನ್ನವರು ಪಾಪ, ಎಣ್ಣೆ ತಂದುಕೊಟ್ಟರು.

ಆ ಮೂರು ವರ್ಷದಲ್ಲಿ ನಾನು ಏರುತ್ತಲೇ ಹೋದೆ. ಹೊಸಬರಿಗೆ ಕಳೆ ಗುರುತಿಸುವುದು ಹೇಗೆಂದು ಎರಡು ಪುಟದ ಮಾರ್ಗದರ್ಶಿ ಬರೆಯಲು ಹೇಳಿದರು. ಅತ್ತೆಯ ಒಂದೊಂದು ಮಾತನ್ನೂ — ಬಿಳಿ ಗೆರೆ, ಪೊರೆ, ಬೋಳು ಬುಡ — ಚೆಂದದ ಇಂಗ್ಲಿಷಿಗೆ ತಿರುಗಿಸಿ, ಮೇಲೆ ನನ್ನ ಹೆಸರು ಹಾಕಿದೆ. ತಂಡದವರು ಚಪ್ಪಾಳೆಯ ಚಿತ್ರಗಳನ್ನು ಸಾಲಾಗಿ ಕಳಿಸಿದರು. ಒಬ್ಬಾಕೆ ಹೇಗೆ ಇಷ್ಟು ನಿಖರ ಎಂದು ಕೇಳಿದಳು. ಅಭ್ಯಾಸ, ಎಂದು ಬರೆದೆ.

ಕಳೆದ ವರ್ಷ ಕಂಪನಿಯವರು ಹೇಳಿದರು: ಶೈಲಾ, ಹೊಸ ತಂಡದ ಹನ್ನೆರಡು ಜನಕ್ಕೆ ನೀವೇ ನೇರ ತರಬೇತಿ ಕೊಡಬೇಕು. ಪರದೆ ಹಂಚಿಕೊಂಡು, ಅವರು ತಂದ ಫೋಟೋಗಳನ್ನು ಅಲ್ಲೇ ನೋಡಿ, ಅಲ್ಲೇ ಹೇಳಬೇಕು. ಚೆನ್ನಾಗಿ ನಡೆದರೆ ಇಡೀ ವಿಭಾಗದ ಪರಿಶೀಲಕಿಯ ಹುದ್ದೆ ನಿಮಗೆ.

ನಿಂತಿರುವ ಪೈರು, ಬಾಗಿರುವ ಪೈರು, ನೀರಿನಲ್ಲಿ ಅರ್ಧ ಮುಳುಗಿರುವ ಪೈರು — ಅವರ ಬೆರಳಿಲ್ಲದೆ ನಾನು ಯಾವುದನ್ನೂ ಧೈರ್ಯವಾಗಿ ಹೇಳಿದವಳಲ್ಲ. ಬೇರೆ ದಾರಿಯಿಲ್ಲದೆ ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಅದಕ್ಯಾಕ ಹೆದರ್ತಿ? ನಾ ಬಾಗಲ ಸಂದಿಗೆ ನಿಂದರ್ತೀನಿ. ಕಸ ಇದ್ರ ಬಲಗೈ ಎತ್ತತೀನಿ, ನೆಲ್ಲಿದ್ರ ಎಡಗೈ. ಅವರಿಗೆ ನಾ ಕಾಣಂಗಿಲ್ಲ,” ಎಂದರು.

ನಾನು ಒಪ್ಪಿಕೊಂಡೆ. ಹೌದು, ಒಪ್ಪಿಕೊಂಡೆ.

ಆ ದಿನ ಹನ್ನೊಂದಕ್ಕೆ ಹನ್ನೆರಡು ಮುಖಗಳು ಪರದೆಯ ಮೇಲೆ. ವಂದನಾ ನನ್ನನ್ನು ಹೊಗಳಿ ಪರಿಚಯಿಸಿದಳು. ಮೊದಲ ಫೋಟೋ ಬಂತು. ಅತ್ತೆಗೆ ಕಾಣಲೆಂದು ಓರೆಯಾಗಿ ಇಟ್ಟಿದ್ದ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದು ಪಕ್ಕದ ಬಾಗಿಲ ಕಡೆ ನೋಡಿದೆ. ಅತ್ತೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ, ತಮ್ಮ ಮಗನ ಮನೆಯಲ್ಲಿ, ಕದ್ದು ನಿಂತಿದ್ದರು. ದೂರದ ಪರದೆ ಸರಿಯಾಗಿ ಕಾಣಲೆಂದು ಕತ್ತು ಮುಂದೆ ಚಾಚಿ ಕಣ್ಣು ಕಿರಿದು ಮಾಡಿದ್ದರು. ಬಲಗೈ ಎತ್ತಿ ಹಿಡಿದಿದ್ದರು. ನನಗೆ ಕಾಣಲಿಲ್ಲವೇನೋ ಎಂದು ಅದನ್ನು ಇನ್ನೂ ಮೇಲೆತ್ತಿದರು — ನನ್ನ ಮಾನ ಹೋದೀತೆಂಬ ಆತಂಕಕ್ಕೆ. ನನ್ನ ಮಾನ!

ಅದು ಕಳೆ ಎಂದು ಹೇಳಿದ್ದರೆ ಮುಗಿದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಬಾಯಿಂದ ಬಂದದ್ದು ಬೇರೆ. ಕನ್ನಡದಲ್ಲೇ ಬಂತು. “ವಂದನಾ, ಒಂದು ನಿಮಿಷ. ನಾನು ನಿಮಗೆಲ್ಲ ಸುಳ್ಳು ಹೇಳಿದ್ದೇನೆ. ಮೂರು ವರ್ಷದಿಂದ ಈ ಕೆಲಸ ಮಾಡಿದ ಕಣ್ಣು ನನ್ನದಲ್ಲ. ಅವತ್ತು ಪಕ್ಕದಲ್ಲಿ ಕೂತಿದ್ದವರು ಕೆಲಸದವರಲ್ಲ, ನನ್ನ ಅತ್ತೆ. ಮಾರ್ಗದರ್ಶಿಯ ಒಂದು ಮಾತೂ ನನ್ನದಲ್ಲ.” ಹಿನ್ನೆಲೆಯ ಮಸುಕನ್ನು ತೆಗೆದೆ. “ಅತ್ತೆ, ಬರ್ರಿ. ಇಲ್ಲಿ ಕುಂದ್ರಿ.”

“ಬ್ಯಾಡವ್ವ, ಹುಚ್ಚಿ ಏನ ನೀನು, ಕೆಲಸ ಹೋಗತೈತಿ!” ಬಾಗಿಲಿಂದಲೇ ಕೂಗಿದರು ಅತ್ತೆ. ಹನ್ನೆರಡು ಮನೆಗೂ ಕೇಳಿಸಿತು.

ನಾನು ಎದ್ದು ಹೋಗಿ ಕೈಹಿಡಿದು ಕರೆತಂದೆ. ಸ್ಟೂಲಿನಲ್ಲಲ್ಲ, ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವರು ಸೆರಗು ಸರಿಮಾಡಿಕೊಂಡು, ಪರದೆಯ ಮುಖಗಳನ್ನೆಲ್ಲ ಒಮ್ಮೆ ನೋಡಿ, “ಎಲ್ಲಾರದೂ ಊಟ ಆತೇನ್ರಿ?” ಎಂದರು. ಯಾರೋ ನಕ್ಕರು. ಬೆಳಿಗ್ಗೆ ಹನ್ನೊಂದು ಗಂಟೆ!

ವಂದನಾ ಆ ಮೊದಲ ಫೋಟೋವನ್ನು ಮತ್ತೆ ತೆರೆಗೆ ತಂದಳು. ಆಮೇಲೆ ನಿಧಾನವಾಗಿ, “ಅಮ್ಮ, ಈ ಫೋಟೋ ಬಗ್ಗೆ ಹೇಳ್ತೀರಾ?” ಎಂದಳು.

ಹೇಳಿದರು ನೋಡಿ! ಒಂದು ಗಂಟೆ ಪೂರ್ತಿ ಹೇಳಿದರು. ಕಳೆ ಯಾವ ನೀರಿನಲ್ಲಿ ಹೇಗೆ ಏಳುತ್ತದೆ, ಯಾವುದನ್ನು ಎಳೆಯದಾಗಿದ್ದಾಗಲೇ ಕೀಳಬೇಕು, ಯಾವುದು ಪೈರಿನ ಬುಡದಲ್ಲೇ ಅಡಗಿ ಬೆಳೆಯುತ್ತದೆ. ನಾನು ಪಕ್ಕದಲ್ಲಿ ನಿಂತು ಕನ್ನಡ ಬಾರದವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಒಬ್ಬ ಹುಡುಗ ಧೈರ್ಯ ಮಾಡಿ ಒಂದು ಗಿಡವನ್ನು ಪೈರು ಎಂದ. “ಲೇ ತಮ್ಮಾ, ಅದನ್ನ ನೀ ಉಳಿಸಿದ್ರ ಮುಂದಿನ ಸಲ ಗದ್ದಿ ತುಂಬ ಅದ ಇರ್ತೈತಿ, ನಿನಗ ಉಣ್ಣಾಕ ಏನೂ ಇರಂಗಿಲ್ಲ!” ಎಂದರು. ಹನ್ನೆರಡೂ ಚೌಕಗಳು ನಗುವಿನಿಂದ ಅಲುಗಿದವು. ಕೊನೆಗೆ ವಂದನಾ ಕೈಜೋಡಿಸಿದಳು. ಅತ್ತೆಯ ಮುಖದಲ್ಲಿ ಮೂರು ವರ್ಷದಿಂದ ನಾನು ಕಾಣದಿದ್ದ ಹಳೆಯ ತುಂಟತನ ಕಂಡಿತು.

ನಿಯಮ ಮುರಿದದ್ದಕ್ಕೆ ಅಂದೇ ಸಂಜೆ ನನ್ನ ಖಾತೆ ಮುಚ್ಚಿತು. ಹೆಸರಿನ ಪಕ್ಕದ ಚುಕ್ಕಿ ಬೂದು ಬಣ್ಣಕ್ಕೆ ತಿರುಗಿತು. ನ್ಯಾಯವೇ ಅದು. ಅಳು ಬರಲಿಲ್ಲ — ನಿಜ ಹೇಳುತ್ತೇನೆ, ಎದೆ ಹಗುರಾಗಿತ್ತು. ಮುಚ್ಚುವ ಮೊದಲು ಒಂದು ಕೆಲಸ ಮಾಡಿದ್ದೆ. ಮಾರ್ಗದರ್ಶಿಯ ಮೇಲಿದ್ದ ನನ್ನ ಹೆಸರು ಅಳಿಸಿ, ‘ಹಂಪಮ್ಮ, ಮೆಟ್ರಿ’ ಎಂದು ಬರೆದಿದ್ದೆ.

ಮೂರು ವಾರಕ್ಕೆ ವಂದನಾಳ ಫೋನು ಬಂತು. ನನಗಲ್ಲ, ಅತ್ತೆಗೆ. ಪರಿಶೀಲಕಿಯ ಹುದ್ದೆ ಅವರಿಗೆ. ಅವರ ಹೆಸರಿನಲ್ಲೇ ಖಾತೆ, ಮೌಸ್ ಹಿಡಿಯಲು ಮತ್ತು ಇಂಗ್ಲಿಷಿಗೆ ನನ್ನನ್ನು ಇಟ್ಟುಕೊಳ್ಳಲು ಲಿಖಿತ ಒಪ್ಪಿಗೆ. ಒಪ್ಪಂದ ಫೋನಿಗೇ ಬಂತು, ಬೆರಳಿನಿಂದ ಸಹಿ ಮಾಡಬೇಕಿತ್ತು. ಮೆಟ್ರಿಯ ಹೆಂಗಸರ ಸಂಘದಲ್ಲಿ ಅವರು ಬರೆಯಲು ಕಲಿತದ್ದು ತಮ್ಮ ಹೆಸರೊಂದೇ. ಗಾಜಿನ ಮೇಲೆ ಬೆರಳು ಜಾರುತ್ತದೆಂದು ಎರಡು ಸಲ ಅಳಿಸಿದರು. ಮೂರನೆಯ ಸಲ ‘ಹಂಪಮ್ಮ’ ಎಂಬ ಮೂರು ಅಕ್ಷರ ಪರದೆಯ ಅಂಚಿನಿಂದ ಅಂಚಿಗೆ ಎದ್ದು ನಿಂತವು. ಅಷ್ಟು ದೊಡ್ಡ ಸಹಿ ನಾನು ಎಲ್ಲೂ ನೋಡಿಲ್ಲ.

ಅಂದು ಅವರ ಎದುರು ಕುಳಿತು, “ಅವತ್ತಿನ ಮಾತಿಗೆ ನನ್ನನ್ನು ಕ್ಷಮಿಸಿ ಅತ್ತೆ” ಎಂದೆ. ಮೂರು ವರ್ಷ ತಡವಾಗಿ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಲ್ಲಲಿಲ್ಲ.

“ಅವತ್ತು ನಾ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕಂಪ್ಲಿ ಬಸ್ಸಿನಾಗ ಕುಂತಿದ್ದೆ. ಇನ್ನ ಈ ಮನಿಗೆ ಬರಬಾರದಂತ.”

ಸೊಪ್ಪಿಲ್ಲದ ಆ ಖಾಲಿ ಕೈಗಳು —

“ಮತ್ತ್ಯಾಕ ಇಳಿದ್ರಿ?”

“ಆ ಫೋಟೋ ಅರ್ಧಕ್ಕ ನಿಂತಿತ್ತಲ್ಲವ್ವ. ಎಡಗಡಿ ಮೂಲ್ಯಾಗ ಕಸ ಹಂಗ ಉಳಿದಿತ್ತು. ಅರ್ಧ ಕಸ ತೆಗೆದ ಗದ್ದಿ ಬಿಟ್ಟು ಎದ್ದು ಬಂದಾಕಿ ಅಲ್ಲ ನಾ.” ಎಲೆ ಮಡಚಿ ಬಾಯಿಗಿಟ್ಟರು. “ನಿನ್ನ ಸಲುವಾಗಿ ಬಂದಿಲ್ಲ, ತಿಳಕೋ.”

ತಿಳಿದುಕೊಂಡೆ. ಅವರು ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನು ಮತ್ತೆ ಕೇಳಲೂ ಇಲ್ಲ. ಈಗ ವಾರಕ್ಕೆರಡು ದಿನ ಅವರ ತರಗತಿ ನಡೆಯುತ್ತದೆ. ಗುಂಪಿನಲ್ಲಿ ಎಲ್ಲರೂ ಅವರನ್ನು ಹಂಪಮ್ಮ ಮೇಡಂ ಎನ್ನುತ್ತಾರೆ. ತಪ್ಪು ಮಾಡಿದರೆ ಎಲ್ಲರನ್ನೂ ಬೈಯುತ್ತಾರೆ, ನನ್ನನ್ನೂ — ಮೊದಲಿನಂತೆಯೇ, ಜೋರಾಗಿ. ಅದಕ್ಕಿಂತ ಹೆಚ್ಚನ್ನು ಬೇಡುವ ಹಕ್ಕು ನನಗಿಲ್ಲ.

ಇದನ್ನು ಅವರು ಓದಲಾರರು. ನಾಳೆ ಬೆಳಿಗ್ಗೆ, ಲಾಗಿನ್ ಮಾಡುವ ಮೊದಲು, ನಾನೇ ಎದುರು ಕುಳಿತು ಓದಿ ಹೇಳುತ್ತೇನೆ. ನಿಧಾನವಾಗಿ, ಮೊದಲ ಸಾಲಿನಿಂದ, ಅಲ್ಲಿ ನಾನು ಆಡಿದ ಆ ಒಂದು ಮಾತನ್ನೂ ಬಿಡದೆ.