ಆಕಳಿದ್ದ ದಿಂಬು

ಇಸ್ತ್ರಿಪೆಟ್ಟಿಗೆಯ ಹಬೆ ತಾಗಿದೊಡನೆ ಹಳೆಯ ಹತ್ತಿಬಟ್ಟೆ ಒಂದು ವಾಸನೆ ಬಿಡುತ್ತದೆ, ನಿಮಗೂ ಗೊತ್ತಿರಬೇಕು: ಅರ್ಧ ಗಂಜಿ, ಅರ್ಧ ಬಟ್ಟೆಯಿಡುವ ಬೀರು. ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನ ಹೊಸ ಮನೆಗೆ ಶಿಫ್ಟ್ ಆದ ಮೇಲೆ, ಹೋದ ವಾರ ಒಂದು ಹಳೇ ಪರದೆಗೆ ಇಸ್ತ್ರಿ ಹಾಕುವಾಗ ಆ ವಾಸನೆಯ ಜೊತೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ನಮ್ಮ ಮೊದಲ ಮನೆಯೂ ಎದ್ದು ಬಂತು. ಬಂದದ್ದೆಲ್ಲ ನಿಜವೆಂದು ಪ್ರಮಾಣ ಮಾಡಲಾರೆ. ನಾನು ಡೈರಿ ಬರೆಯುವವಳು. ಆದರೆ ನಾನೀಗ ಹೇಳಹೊರಟ ದಿನದ ಪುಟದಲ್ಲಿ ಇರುವುದು "ಬಿಸಿಬೇಳೆಬಾತ್‌ಗೆ ಉಪ್ಪು ಕಡಿಮೆ" ಎಂದಷ್ಟೇ.

ಆ ಪರದೆಯ ಬಟ್ಟೆ ಫ್ರಾನ್ಸಿನದು, ಆಗ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಕೊಂಡದ್ದು. ಕೆನೆಬಣ್ಣದ ಮೇಲೆ ಕೆಂಪು ಗೆರೆಗಳಲ್ಲಿ ಒಂದಿಡೀ ಹಳ್ಳಿ: ಸೇತುವೆ, ಉಯ್ಯಾಲೆ, ಕೊಳಲೂದುವ ಹುಡುಗ, ಮೇಯುವ ದನಕರು. ಹಿಂದೆ ನಮ್ಮ ಕಡೆಯಿಂದ ಹಡಗು ಹತ್ತಿ ಹೋದ ಹೂಬಳ್ಳಿ ಅಚ್ಚಿನ ಚೀಟಿ ಬಟ್ಟೆಗೆ ಮರುಳಾಗಿಯೇ ಫ್ರೆಂಚರು ಬಟ್ಟೆಗೆ ಅಚ್ಚು ಹಾಕಲು ಕಲಿತರಂತೆ. ದೂರದ ನೆಂಟ ಸಿಕ್ಕಷ್ಟು ಖುಷಿಯಾಯಿತು. ಎಂ.ಎ. ಓದಿದವಳಿಗೆ ಹೊಲಿಗೆ ಏನು ಮಹಾ ಎಂದು ಊಟದ ಕುರ್ಚಿಗಳಿಗೆಲ್ಲ ಅದರಿಂದ ದಿಂಬು ಹೊಲಿದೆ. ಸ್ನೇಹಿತರನ್ನು ದೀಪಾವಳಿ ಊಟಕ್ಕೆ ಕರೆದೆ. ಊಟ ನೆಪ; ಅವರು ಕೂತು, ಕೇಳಿ, ಹೊಗಳಬೇಕಿತ್ತು.

ಧಾರವಾಡದ ಸುಮಿತ್ರಾ ಆಂಟಿ, ಆಗ ಪಕ್ಕದ ಬೀದಿಯಲ್ಲಿದ್ದವರು, ಎಲ್ಲರಿಗಿಂತ ಮೊದಲು ಕೂತರು. ಕೂತವರು ಹಾಗೇ ಎದ್ದರು.

"ಅಯ್ಯ, ಇದರಾಗ ಆಕಳ ಅದ! ಆಕಳ ಮ್ಯಾಲೆ ಹೆಂಗ ಕೂಡೂದು? ಯಾರೂ ಕೂಡಬ್ಯಾಡ್ರಿ!"

"ಹಾಗಾದ್ರೆ ಲೆದರ್ ಸೋಫಾ ಮೇಲೆ ಕೂತ್ಕೋಬಹುದಾ ಆಂಟಿ?" ಎಂದ ನನ್ನ ಗಂಡ. (ಈಗ ಕೇಳಿದರೆ ಆ ಮಾತು ತನ್ನದಲ್ಲ ಅನ್ನುತ್ತಾನೆ.)

"ಅದು ಸತ್ತದ. ಇದಿನ್ನೂ ಹುಲ್ಲು ತಿನ್ನಲಿಕತ್ತದ."

ಎಲ್ಲರೂ ನಗುತ್ತ ತಟ್ಟೆ ಹಿಡಿದು ಸೋಫಾಕ್ಕೆ ಹೋದರು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ಹೊರಡುವಾಗ ಆಂಟಿ ದಿಂಬುಗಳನ್ನೆಲ್ಲ ಕಾರಿಗೆ ಹಾಕಿಕೊಂಡರು. ಹೊಲಿಗೆ ಬಿಚ್ಚಿ, ತುಂಡು ಜೋಡಿಸಿ, ಚೆಂದದ ಪರದೆ ಮಾಡಿ ತಂದುಕೊಟ್ಟರು. ಜೊತೆಗೊಂದು ಪುಟ್ಟ ಡಬ್ಬಿಯ ತುಂಬ ಗುಂಡುಸೂಜಿ. "ಇಟ್ಕೋ, ಬೇಕಾಗ್ತಾವ," ಎಂದರು. ಉಡುಗೊರೆ ಎಂದುಕೊಂಡೆ.

ಇಸ್ತ್ರಿಯಾದ ಪರದೆಯನ್ನು ಅವತ್ತೇ ಮಗಳಿಗೆ ತೋರಿಸಿ ಈ ಹಸುವಿನ ಕತೆ ಹೇಳಿದೆ. ಆಸ್ಟಿನ್‌ನಲ್ಲಿ ಓದುವವಳು, ಬಗ್ಗಿ ನೋಡಿ, "ಅಮ್ಮಾ, ದಟ್ಸ್ ಎ ಗೋಟ್," ಎಂದಳು. ಕನ್ನಡಕ ಹಾಕಿಕೊಂಡೆ. ಗಡ್ಡ ಇತ್ತು. ಎಷ್ಟು ಮನೆಗಳಲ್ಲಿ ಹೇಳಿ ನಗಿಸಿದ್ದೇನೆ, ಒಂದು ಸಲವೂ ಬಟ್ಟೆ ನೋಡಿರಲಿಲ್ಲ! ಹಟ ಬಂತು. ಪರದೆ ಬಿಚ್ಚಿ ಮತ್ತೆ ದಿಂಬು ಹೊಲಿದೆ, ಆಂಟಿಯನ್ನು ಊಟಕ್ಕೆ ಕರೆದೆ. ಅವರೀಗ ಇಲ್ಲೇ ಹತ್ತಿರ, ಮಗಳ ಮನೆಯಲ್ಲಿದ್ದಾರೆ.

"ಆಂಟಿ, ಇದು ಆಕಳಲ್ಲ, ಆಡು. ಇನ್ನು ಕೂತ್ಕೊಳ್ಳಲೇಬೇಕು."

"ಆಡು ಅಂತ ನನಗ ಅವತ್ತೇ ಗೊತ್ತಿತ್ತು," ಎಂದರು ಆಂಟಿ. "ನೀ ಒಳಗ ಗುಂಡುಸೂಜಿ ಬಿಟ್ಟು ಹೊಲದಿದ್ದಿ, ಹುಚ್ಚಿ! ಎಲ್ಲೆ ಚುಚ್ಚಿತು ಅಂತ ಮಂದಿ ಮುಂದ ಹೇಳಲೇನು? ನಿನ್ನ ಮಾರಿ ನೋಡಿದೆ, ಬಾಯಿಗೆ ಆಕಳ ಬಂತು."

ಇದಾದರೂ ನಿಜವೋ, ಈಗ ಹುಟ್ಟಿಸಿದ್ದೋ ಎಂದು ನನ್ನ ಹಳೇ ಅನುಮಾನ ತಲೆಯೆತ್ತಿತು. ಆದರೆ ಹೊಲಿಗೆಯ ಬುಟ್ಟಿಯಲ್ಲಿ ಆ ಡಬ್ಬಿ ಇನ್ನೂ ಇದೆ. ಉಡುಗೊರೆಯಲ್ಲ, ನನ್ನ ಸೂಜಿಗಳನ್ನೇ ನನಗೆ ವಾಪಸ್ ಕೊಟ್ಟಿದ್ದರು.

ಆಂಟಿ ಅಂಗೈಯಿಂದ ದಿಂಬಿನ ಮೂಲೆಮೂಲೆ ಒತ್ತಿ ನೋಡಿದರು. ಆಮೇಲೆ ಆಡಿನ ಮೇಲೆ ಆರಾಮಾಗಿ ಕೂತರು.

"ಹೊಲಿಗಿ ಸುಧಾರಿಸ್ಯದ. ಊಟಕ್ಕ ಏನು ಮಾಡೀ?"

"ಬಿಸಿಬೇಳೆಬಾತ್," ಎಂದೆ. "ಉಪ್ಪು ನೋಡಿ ಹೇಳಿ ಆಂಟಿ. ಈ ಸಲ ನಿಜ ಹೇಳಬೇಕು."