ಬೋರಮ್ಮ ಕಂಡ ಗಂಟುರೋಗ

ಬೋರಮ್ಮ ಇಮಾಮ್ ಸಾಬರ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ್ದು ೧೯೮೪ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ. ಚನ್ನಪಟ್ಟಣದ ಅಂಚಿನಲ್ಲಿದ್ದ ಆ ಹೆಂಚಿನ ಕಟ್ಟಡದಲ್ಲಿ ರೈತರಿಗೆ ಬೇಕಾದ ರೇಷ್ಮೆಹುಳುವಿನ ಮೊಟ್ಟೆ ತಯಾರಾಗುತ್ತಿತ್ತು. ಗೂಡೊಡೆದು ಬಂದ ಚಿಟ್ಟೆಗಳು ಜೋಡಿಯಾದ ಮೇಲೆ ಅವನ್ನು ಬಿಡಿಸಿ, ಹೆಣ್ಣುಚಿಟ್ಟೆಯನ್ನು ಮೊಟ್ಟೆಯಿಡಲು ಕಾಗದದ ಮೇಲೆ ಬಿಡುವುದು ಅವಳ ಕೆಲಸ.

ಕೆಲಸದಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪಿರಲಿಲ್ಲ. ಆದರೆ ಒಮ್ಮೆ ತೊಡಗಿದಳೆಂದರೆ ಊಟದ ಹೊತ್ತಾದರೂ ಏಳುತ್ತಿರಲಿಲ್ಲ, ಕೂಗಿದರೆ ತಿರುಗುತ್ತಿರಲಿಲ್ಲ. ಭುಜ ಮುಟ್ಟಿದರೆ ಕೆಂಡ ತಗುಲಿದಂತೆ ಬೆಚ್ಚುತ್ತಿದ್ದಳು. ಜೊತೆಯವರು ಕಿವುಡಿ ಎಂದರು, ಗರ್ವದವಳು ಎಂದರು. ತವರೂರು ವಿರೂಪಾಕ್ಷಿಪುರದಲ್ಲೂ ಅವಳು ಇದನ್ನೇ ಕೇಳಿ ಬೆಳೆದಿದ್ದಳು. ಮದುವೆಯಾದ ಹೊಸತರಲ್ಲಿ ಒಲೆಯ ಮೇಲೆ ಹಾಲಿಟ್ಟು, ಗೋಡೆಯ ಮೇಲಿನ ಇರುವೆ ಸಾಲು ನೋಡುತ್ತ ಕೂತು ಪಾತ್ರೆಯನ್ನೇ ಸೀದುಹಾಕಿದ್ದಳು. ಅತ್ತೆ ಒಂದು ವಾರ ರೇಗಾಡಿದರು. ಗಂಡ ಸಿದ್ದಯ್ಯ ಮಾತ್ರ, "ಹಾಲು ನಾನ್ ಕಾಯಿಸ್ತೀನಿ ಬುಡವ್ವ, ಅದ್ಯಾಕೆ ಅಷ್ಟೊಂದು" ಎಂದು ತಾಯಿಗೆ ಹೇಳಿ ಆ ಕೆಲಸವನ್ನು ತಾನೇ ವಹಿಸಿಕೊಂಡ.

ಎರಡು ವರ್ಷ ಕಳೆಯಿತು. ಕೇಂದ್ರದಲ್ಲಿ ಸೂಕ್ಷ್ಮದರ್ಶಕ ನೋಡುತ್ತಿದ್ದ ಹೆಂಗಸು ಬಾಣಂತನಕ್ಕೆ ಮಾಗಡಿಗೆ ಹೋದಳು. ರೇಷ್ಮೆಹುಳುವಿಗೆ ಗಂಟುರೋಗ ಅಂತ ಒಂದಿದೆ. ತಾಯಿಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟಿ ಇಡೀ ಬೆಳೆಯನ್ನು ನೆಲಕಚ್ಚಿಸುತ್ತದೆ. ಅದಕ್ಕೇ ಮೊಟ್ಟೆಯಿಟ್ಟ ಚಿಟ್ಟೆಗಳಲ್ಲಿ ಕೆಲವನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ, ರೋಗದ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೇರೆ ಯಾರೂ ಸಿಗದೆ ಇಮಾಮ್ ಸಾಬರು ಬೋರಮ್ಮನನ್ನು ಕೂರಿಸಿದರು.

ಕಣ್ಣಿಟ್ಟ ಕೂಡಲೇ ಫ್ಯಾನಿನ ಕಿರಕಿರ, ಚಿಟ್ಟೆ ರೆಕ್ಕೆಯ ಧೂಳು, ಮೈಗೆ ಚುಚ್ಚುವ ಸೀರೆಯಂಚು ಎಲ್ಲವೂ ಅವಳ ಪಾಲಿಗೆ ಇಲ್ಲವಾದವು. ದುಂಡನೆಯ ಬೆಳಕೊಂದೇ ಉಳಿಯಿತು. ಅಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಇಷ್ಟು ಹಾಯಾಗಿ ಎಲ್ಲೂ ಕೂತಿರಲಿಲ್ಲ ಅನ್ನಿಸಿತು ಅವಳಿಗೆ. ಬಾಣಂತನ ಮುಗಿಸಿ ಬಂದವಳಿಗೆ ಸಾಬರು ಬೇರೆ ಕೆಲಸ ಕೊಟ್ಟರು.

ಅವಳ ಹೆಸರು ನಾಲ್ಕು ಊರಿಗೆ ತಿಳಿದದ್ದು ೧೯೯೧ರ ಮಳೆಗಾಲದಲ್ಲಿ. ಒಟ್ಟಿಗೇ ತಯಾರಾದ ಒಂದು ದೊಡ್ಡ ತಂಡದ ಮೊಟ್ಟೆ ಸಿದ್ಧವಾಗಿತ್ತು, ಕೊಂಡೊಯ್ಯಲು ರೈತರು ಆಗಲೇ ಅಂಗಳದಲ್ಲಿ ಕೂತಿದ್ದರು. ಬೋರಮ್ಮ ಗಾಜೊಂದನ್ನು ಹಿಡಿದು ಸಾಬರ ಮುಂದೆ ನಿಂತಳು.

"ಸಾಬ್ರೆ, ಇದ್ರಲ್ಲಿ ಐತೆ."

ಮೇಲ್ವಿಚಾರಕ ಖಲಂದರ್ ನೋಡಿದ. "ಅದು ಕೊಬ್ಬಿನ ಹನಿ ಕಣಮ್ಮ. ದಿನಾ ಬರ್ತದಲ್ಲ."

"ಕೊಬ್ಬು ದುಂಡಗಿರ್ತದೆ. ಇದು ಉದ್ದುದ್ದ, ಮೊಟ್ಟೆ ತರ. ಒಸಿ ಅಲ್ಲಾಡ್ತದೆ, ಸರಿಯಾಗಿ ನೋಡಿ."

"ಇಷ್ಟು ಗಾಜಲ್ಲಿ ಒಂದೇ ಒಂದು ಕಾಳು. ಕಣ್ಣು ಸೋತಿರ್ಬೇಕು ನಿಂಗೆ."

"ಹಂಗಾರೆ ಉಳ್ದಿರೋ ಚಿಟ್ಟೆನೆಲ್ಲ ಅರೆದುಕೊಡಿ. ನೋಡಾನ."

ಸಾಬರು ಹೊರಗೆ ಹೋಗಿ, ರೈತರಿಗೆ ನಾಳೆ ಬನ್ನಿ ಎಂದರು. ಅದೇ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಕೂತ ಬೋರಮ್ಮ ಸಂಜೆ ಆರರವರೆಗೆ ತಲೆಯೆತ್ತಲಿಲ್ಲ. ಪಕ್ಕದಲ್ಲಿ ಚಿಟ್ಟೆ ಅರೆದುಕೊಡುತ್ತಿದ್ದ ಅಖ್ತರಿ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಇನ್ನೂ ಹನ್ನೊಂದು ಗಾಜಿನಲ್ಲಿ ರೋಗ ಸಿಕ್ಕಿತು. ಈ ಸಲ ಖಲಂದರನಿಗೂ ಅನುಮಾನ ಉಳಿಯಲಿಲ್ಲ. "ತಪ್ಪು ನಂದೇ, ಬೋರಮ್ಮ" ಎಂದ. ಅವಳು ಏನೋ ಹೇಳಲು ಎದ್ದವಳು ಕಣ್ಣುಕತ್ತಲೆ ಬಂದು ಅಲ್ಲೇ ಕುಸಿದಳು. ಇಡೀ ತಂಡದ ಮೊಟ್ಟೆಯನ್ನು ಸಾಬರು ಮರುದಿನ ಹಿತ್ತಲಲ್ಲಿ ಸುಡಿಸಿದರು. ಸುದ್ದಿ ಊರೂರಿಗೆ ಹರಡಿತು. ಆಮೇಲೆ ಮೊಟ್ಟೆಗೆ ಬಂದ ರೈತರು, "ಆಯಮ್ಮ ನೋಡವ್ರ?" ಎಂದು ಕೇಳಿಯೇ ಒಯ್ಯುತ್ತಿದ್ದರು.

ದೇಹ ಮಾತ್ರ ಎಲ್ಲವನ್ನೂ ತಾಳಿಕೊಳ್ಳಲಿಲ್ಲ. ವರ್ಷಾನುಗಟ್ಟಲೆ ನೀರು ಕುಡಿಯದೆ, ಬಚ್ಚಲಿಗೂ ಏಳದೆ ಕೂತು ೨೦೧೨ರಲ್ಲಿ ಮೂತ್ರಪಿಂಡದ ಕಲ್ಲಿನ ನೋವಿನಿಂದ ಆಸ್ಪತ್ರೆ ಸೇರಿದಳು. ಬಾಯಾರಿಕೆಯೇ ಗೊತ್ತಾಗುವುದಿಲ್ಲ ಎಂಬ ಅವಳ ಮಾತು ಕೇಳಿ, ಅಲ್ಲಿನ ಡಾಕ್ಟರು ಮಂಗಳವಾರಗಳಂದು ಬರುವ ಮನೋವೈದ್ಯೆಯ ಬಳಿಗೆ ಕಳಿಸಿದರು. ಆಕೆ ಮೂರು ಮಂಗಳವಾರ ಕೂರಿಸಿಕೊಂಡು ಬಾಲ್ಯ, ಇರುವೆ, ಸೀರೆ ಚುಚ್ಚುವುದು, ಎಲ್ಲವನ್ನೂ ಕೇಳಿದರು. ಕೊನೆಗೆ, ಇದನ್ನು ಆಟಿಸಂ ಅನ್ನುತ್ತಾರೆ, ಹುಟ್ಟಿನಿಂದಲೇ ಬರುವಂಥದ್ದು, ನಿಮ್ಮ ಮನಸ್ಸು ಒಂದರ ಮೇಲೆ ನೆಟ್ಟರೆ ಕೀಳುವುದು ಕಷ್ಟ ಎಂದು ಬಿಡಿಸಿ ಹೇಳಿದರು.

ಬೋರಮ್ಮನಿಗೆ ಐವತ್ತು ವರ್ಷದ ಬೈಗುಳಗಳೆಲ್ಲ ಒಂದೊಂದಾಗಿ ನೆನಪಾದವು. "ಹಂಗಾರೆ ನಾನು ಗರ್ವದವ್ಳಲ್ಲ" ಎಂದಳು.

"ಅಲ್ಲಮ್ಮ."

"ಇದಕ್ಕೆ ಮಾತ್ರೆ ಐತಾ?"

"ಇಲ್ಲ, ಬೇಕಾಗೂ ಇಲ್ಲ. ನೀರು ಕುಡೀರಿ. ನೆನಪು ಮಾಡೋಕೆ ಯಾರನ್ನಾದ್ರೂ ಗೊತ್ತುಮಾಡ್ಕೊಳ್ಳಿ."

ಆ ಕೆಲಸ ಅಖ್ತರಿಯದಾಯಿತು. ಗಂಟೆಗೊಮ್ಮೆ ಗಾಜುಗಳ ಪೆಟ್ಟಿಗೆಯ ಮೇಲೆ ನೀರಿನ ಲೋಟ ಇಡುತ್ತಿದ್ದಳು. ಲೋಟ ಖಾಲಿ ಮಾಡದೆ ಮುಂದಿನ ಗಾಜು ತೆಗೆಯುವಂತಿಲ್ಲ. "ಜಗಳ ಆಡ್ಬೇಡ, ಕುಡಿ" ಎನ್ನುವಳು. ಬೋರಮ್ಮ ಗೊಣಗುತ್ತಲೇ ಕುಡಿಯುವಳು. ಕಲ್ಲು ಮತ್ತೆ ಕಾಣಿಸಿಕೊಳ್ಳಲಿಲ್ಲ.

ಮರುವರ್ಷ ಕನಕಪುರದಲ್ಲಿ ಮೊಟ್ಟೆ ಕೇಂದ್ರದವರಿಗೆ ತರಬೇತಿ ನಡೆಯಿತು. ಅರ್ಧ ಗಂಟೆ ಮಾತಾಡಿ ಎಂದು ಬೋರಮ್ಮನನ್ನು ಕರೆದರು. ಅವಳು ಯಾರ ಮುಖವನ್ನೂ ನೋಡದೆ, ಮುಂದಿದ್ದ ಸೂಕ್ಷ್ಮದರ್ಶಕವನ್ನೇ ನೋಡುತ್ತ ಶುರುಮಾಡಿದಳು. ಕೊಬ್ಬಿನ ಹನಿ ಹೇಗಿರುತ್ತದೆ, ಬೂಷ್ಟಿನ ಕಾಳು ಹೇಗಿರುತ್ತದೆ, ರೋಗದ ಕಾಳು ಯಾವ ಬೆಳಕಿನಲ್ಲಿ ಹೇಗೆ ಮಿನುಗುತ್ತದೆ ಎಂದು ಹೇಳುತ್ತಲೇ ಹೋದಳು. ಗಂಟೆ ಎರಡಾಯಿತು, ಮೂರಾಯಿತು. ಹಲವರು ಚಹಾಕ್ಕೆಂದು ಎದ್ದವರು ತಿರುಗಿ ಬರಲಿಲ್ಲ. ನಾಲ್ಕು ಜನ ಮಾತ್ರ ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡು ಸಂಜೆವರೆಗೂ ಬರೆದುಕೊಂಡರು. ಅವರಲ್ಲಿ ಒಬ್ಬಳಾದ ಮರಳವಾಡಿಯ ಮುನವ್ವರಾ ಮುಂದಿನ ಸೋಮವಾರವೇ ಬುತ್ತಿ ಕಟ್ಟಿಕೊಂಡು ಚನ್ನಪಟ್ಟಣಕ್ಕೆ ಬಂದು, ಬೋರಮ್ಮನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು.